ಆಡುವ ಮಕ್ಕಳು, ಆಡಿಸುವ ಹಿರಿಯರು

ಬೇಸಗೆಯ ರಜೆ ಹತ್ತಿರ ಬಂದಿತೆಂದರೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ತಂದೆತಾಯಿಗಳು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ‘ಈ ಮಕ್ಕಳನ್ನು ಏನು ಮಾಡುವುದು?’ ಮಳೆಗಾಲಕ್ಕೆ ಮುಂಚೆ, ಸೋರುವ ಮಾಡನ್ನು ಏನು ಮಾಡುವುದೆಂದು ಚಿಂತಿಸುವವರ ಧಾಟಿ ಅದು. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಸುಮಾರು ಏಳು ವಾರ. ಇಷ್ಟು ದಿನವೂ ಮಕ್ಕಳನ್ನು ರಂಜಿಸುವ ಹೊಣೆ ಹಿರಿಯರದೆಂದು ಯಾರು ಯಾವಾಗ ತೀರ್ಮಾನ ಮಾಡಿದರೋ ನಾನರಿಯೆ. ಆ ತೀರ್ಮಾನವೇ ಸರಿಯಲ್ಲವೆಂಬುದು ನನ್ನ ವಾದ.

ಕನ್ನಡದ ಮೇಷ್ಟರಾದ್ದರಿಂದ ಮಾತಿನಿಂದಲೇ ಆರಂಭಿಸುತ್ತೇನೆ, ವಾಚಕರು ಕ್ಷಮಿಸಬೇಕು. ನಮ್ಮ ಭಾಷೆಯಲ್ಲಿ ‘ಆಡು’ ಎಂಬುದು ದೊಡ್ಡ ಕ್ರಿಯಾಪದ. ನಾವು ಮಾತಾಡುತ್ತೇವೆ, ಓಡಾಡುತ್ತೇವೆ, ಉಸಿರಾಡುತ್ತೇವೆ, ಜಗಳವನ್ನೂ ಆಡುತ್ತೇವೆ. ಯಾರೂ ಹೇಳಿಕೊಡದೆ ಜೀವ ತಾನಾಗಿ ಮಾಡುವ ಕೆಲಸಗಳಿಗೆಲ್ಲ ಈ ಪದದ ನಂಟು. ಇದಕ್ಕೆ ಪ್ರೇರಣಾರ್ಥ ಹಚ್ಚಿ ‘ಆಡಿಸು’ ಎಂದು ನೋಡಿ: ಬೊಂಬೆ ಆಡಿಸುವುದು, ಕೋತಿ ಆಡಿಸುವುದು, ಕರಡಿ ಆಡಿಸುವುದು. ತೊಟ್ಟಿಲ ಕೂಸನ್ನು ಆಡಿಸಬೇಕು, ನಿಜ. ಹತ್ತು ವರ್ಷದ ಹುಡುಗಿಯನ್ನು ಯಾಕೆ ಆಡಿಸಬೇಕು?

ಈಗ ಆಡಿಸುವ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದೇವೆ. ಅದರ ಹೆಸರು ಬೇಸಗೆ ಶಿಬಿರ. ಶಿಬಿರವೆಂದರೆ ದಂಡು ಬೀಡುಬಿಟ್ಟ ಜಾಗ. ಭಾರತದ ಕಥೆಯಲ್ಲಿ ಶಿಬಿರದಲ್ಲಿ ಮಲಗಿದ್ದ ಉಪಪಾಂಡವರ ಗತಿ ಏನಾಯಿತೆಂದು ಬಲ್ಲವರು ಮಕ್ಕಳ ಸಂಸ್ಥೆಗೆ ಆ ಹೆಸರಿಡಲು ಕೊಂಚ ಹಿಂಜರಿಯಬೇಕಾಗಿತ್ತು. ಆರ್. ಕಲ್ಯಾಣಮ್ಮನವರು 1938ರಲ್ಲಿ ಕಟ್ಟಿದ ಸಂಸ್ಥೆಗೆ ಇಟ್ಟ ಹೆಸರು ಮಕ್ಕಳ ಕೂಟ; ಚಾಮರಾಜಪೇಟೆಯ ವೃತ್ತಕ್ಕೆ ಇಂದಿಗೂ ಅದೇ ಹೆಸರು. ಕೂಟಕ್ಕೆ ಮಕ್ಕಳು ಕೂಡುತ್ತಾರೆ, ಶಿಬಿರಕ್ಕೆ ಅವರನ್ನು ಸೇರಿಸುತ್ತಾರೆ.

ನಮ್ಮ ಎದುರುಮನೆಯ ಒಂಬತ್ತು ವರ್ಷದ ಹುಡುಗನನ್ನು ಹೋದ ವರ್ಷ ಇಂಥದೊಂದಕ್ಕೆ ಸೇರಿಸಿದ್ದರು. ಹದಿನೈದು ದಿನಕ್ಕೆ ನಾಲ್ಕೂವರೆ ಸಾವಿರ ರೂಪಾಯಿ. ಒಂಬತ್ತೂವರೆಗೆ ಜೇಡಿಮಣ್ಣಿನ ಕೆಲಸ, ಹತ್ತೂಕಾಲಿಗೆ ಬೆಂಕಿಯಿಲ್ಲದ ಅಡುಗೆ, ಹನ್ನೊಂದಕ್ಕೆ ಜಾನಪದ ಆಟಗಳು. ಜಾನಪದ ಆಟವೆಂದರೆ ಬೇರೇನಲ್ಲ, ಲಗೋರಿ! ‘ಹೇಗಿತ್ತಪ್ಪಾ ಲಗೋರಿ?’ ಎಂದು ಕೇಳಿದೆ. ‘ಕಲ್ಲು ಜೋಡಿಸ್ತಾ ಇದ್ವಿ ಅಂಕಲ್, ಅಷ್ಟರಲ್ಲಿ ಪೀರಿಯಡ್ ಮುಗೀತು’ ಎಂದ.

ಆರರಿಂದ ಎಂಟು ವರ್ಷದವರು ಒಂದು ಗುಂಪು, ಒಂಬತ್ತರಿಂದ ಹನ್ನೊಂದರವರು ಇನ್ನೊಂದು. ಅವನ ಐದು ವರ್ಷದ ತಂಗಿಗೆ ಪ್ರವೇಶವಿಲ್ಲ. ಬೀದಿಯ ಆಟದಲ್ಲಿ ಅಂಥ ತಂಗಿಗೆ ಒಂದು ಸ್ಥಾನವಿತ್ತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇಂದು ನಾವು ಕೈಲಾಗದವರನ್ನು ಹಂಗಿಸಲು ಈ ಮಾತನ್ನು ಬಳಸುತ್ತೇವೆ. ಮೂಲದಲ್ಲಿ ಇದು ಮಕ್ಕಳೇ ಮಾಡಿಕೊಂಡ ಕಾನೂನು. ಎಳೆಯದನ್ನು ಅಳಿಸಲೂಬಾರದು, ಆಟವನ್ನು ಕೆಡಿಸಲೂಬಾರದು; ಎರಡಕ್ಕೂ ನಾಲ್ಕು ಪದದಲ್ಲಿ ಪರಿಹಾರ. ಯಾವ ಶಿಕ್ಷಣತಜ್ಞನೂ ಇದನ್ನು ಬರೆದುಕೊಟ್ಟಿರಲಿಲ್ಲ. ಸೀಟಿ ಊದುವ ತರಬೇತುದಾರನಿರುವ ಕಡೆ ಇಂಥ ಕಾನೂನು ಹುಟ್ಟುವುದಿಲ್ಲ, ಅಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ.

ಬಿಸಿಲಿನ ಮಾತು ಬರುತ್ತದೆ. 2016ರ ಏಪ್ರಿಲಿನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು. ಮಧ್ಯಾಹ್ನ ಹೊರಗೆ ಬಿಡಿ ಎಂದು ನಾನೂ ಹೇಳಲಾರೆ. ಮಧ್ಯಾಹ್ನಕ್ಕೆಂದೇ ಅಳಿಗುಳಿಮಣೆಯ ಹದಿನಾಲ್ಕು ಗುಳಿಗಳಿದ್ದವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಬರೆದರೆ ಚೌಕಾಬಾರಾ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಂದು ಪಕ್ಕ ಕಲ್ಲಿಗೆ ತೇಯ್ದು ಬಿಳಿಮಾಡಿಕೊಳ್ಳಬೇಕು. ತೇಯ್ದ ಬೀಜ ಕಾದಿರುತ್ತದೆ. ಅದನ್ನು ಪಕ್ಕದವನ ತೋಳಿಗೆ ಚುರುಕ್ಕೆನ್ನಿಸದೆ ಬಿಟ್ಟ ಹುಡುಗ ಉಂಟೆ? ಆಟಕ್ಕೆ ಸಿದ್ಧತೆ ಮಾಡುವುದರಲ್ಲೇ ಒಂದು ಗಂಟೆ ಕಳೆಯುತ್ತಿತ್ತು, ಹಿರಿಯರ ಪಾಲಿನ ಖರ್ಚು ಒಂದು ಹಿಡಿ ಬೀಜ. ಈಗ ಆ ಹೊತ್ತಿಗೆ ಕೈಗೆ ಫೋನು ಕೊಟ್ಟು ಬಾಗಿಲು ಮುಂದೆಳೆಯುತ್ತೇವೆ. ಎರಡರಿಂದ ನಾಲ್ಕು ವರ್ಷದವರು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನನ್ನ ತಕರಾರು ಗಂಟೆಯ ಲೆಕ್ಕದ್ದಲ್ಲ. ಅಲ್ಲಿ ಮಗು ಆಡುತ್ತಿಲ್ಲ, ಫೋನು ಮಗುವನ್ನು ಆಡಿಸುತ್ತಿದೆ.

‘ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ, ಅಜ್ಜಿ ತಾತ ಇಲ್ಲದ ಕಡೆ, ನಿಮ್ಮ ಹುಣಸೆಬೀಜ ಏನು ಮಾಡೀತು ಸಾರ್?’ ಎಂದು ಆ ಹುಡುಗನ ತಾಯಿ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಬೇಕಾಗಿರುವುದು ಒಂದು ಸುರಕ್ಷಿತ ಜಾಗ, ಕಣ್ಣಿಡಲು ಒಬ್ಬರು. ಮಾರುಕಟ್ಟೆ ಅದನ್ನು ಬಿಡಿಯಾಗಿ ಮಾರುವುದಿಲ್ಲ. ಜೊತೆಗೆ ಅಬ್ಯಾಕಸ್ಸನ್ನೂ ಕಟ್ಟಿಕೊಡುತ್ತದೆ. ಆದ್ದರಿಂದ ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಜಾಗವನ್ನು ಕಿತ್ತುಕೊಂಡ ನಮ್ಮ ಮೇಲೆ, ಅಂದರೆ ಮನೆಯೊಡೆಯರ ಮೇಲೆ, ಕಾರೊಡೆಯರ ಮೇಲೆ.

1898ರಲ್ಲಿ ಪ್ಲೇಗು ಹಳೆಯ ಪೇಟೆಯನ್ನು ನಡುಗಿಸಿದ ಮೇಲೆ ಜನ ಗಾಳಿಬೆಳಕಿಗಾಗಿ ಬಂದು ನೆಲೆಸಿದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ಮನೆಯ ಮುಂದೆ ಜಗಲಿ, ಹಿಂದೆ ಹಿತ್ತಿಲು, ಅದರಾಚೆ ಕನ್ಸರ್ವೆನ್ಸಿ ಓಣಿ. ಜಗಲಿ ಹೋಗಿ ಕಾರು ನಿಲ್ಲಿಸುವ ಕಂಬಸಾಲು ಬಂತು. ಹಿತ್ತಿಲು ಬಾಡಿಗೆಯ ಮಹಡಿಯಾಯಿತು. ಉದ್ಯಾನದಲ್ಲಿ ಹುಲ್ಲು ತುಳಿಯಬೇಡಿ, ಚೆಂಡಾಡಬೇಡಿ ಎಂಬ ಫಲಕ. ಶಾಲೆಯ ಮೈದಾನಗಳು, ನಾನು ಕಂಡಮಟ್ಟಿಗೆ, ಮಕ್ಕಳಿಗೆ ಬಿಡುವಿರುವ ಆ ಏಳು ವಾರವೇ ಬೀಗ ಹಾಕಿಕೊಂಡಿರುತ್ತವೆ, ಇಲ್ಲವೆ ಕ್ರಿಕೆಟ್ ತರಬೇತಿಗೆ ಬಾಡಿಗೆ ಹೋಗಿರುತ್ತವೆ.

ಬೀಗ ತೆಗೆಯಿರಿ ಎಂಬುದು ನನ್ನ ಮೊದಲ ಬೇಡಿಕೆ. ಎರಡನೆಯದು, ಬಡಾವಣೆಗೊಂದು ಅಡ್ಡರಸ್ತೆಯನ್ನು ರಜೆಯ ದಿನಗಳಲ್ಲಿ ಸಂಜೆ ನಾಲ್ಕರಿಂದ ಆರೂವರೆಯವರೆಗೆ ವಾಹನಗಳಿಗೆ ಮುಚ್ಚಿ. ಆಗದ ಮಾತಲ್ಲ. 2020ರ ನವೆಂಬರಿನಲ್ಲಿ ಚರ್ಚ್ ಸ್ಟ್ರೀಟನ್ನು ವಾರಾಂತ್ಯಗಳಲ್ಲಿ ನಡೆಯುವವರಿಗೆ ಬಿಟ್ಟುಕೊಟ್ಟರು. ಅಷ್ಟು ದೂರವೇಕೆ? ಕಾರ್ತಿಕದ ಕೊನೆಯ ಸೋಮವಾರ ಪರಿಷೆಗೆಂದು ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ನಿಲ್ಲಿಸುತ್ತೇವೆ. ಕಡಲೆಕಾಯಿಗೆ ಸಂದ ಮರ್ಯಾದೆ ಮಕ್ಕಳಿಗೂ ಸಲ್ಲಲಿ.

ನಮ್ಮ ಅಡ್ಡರಸ್ತೆಯವರು ಈ ಕುರಿತು ಅರ್ಜಿಯೊಂದನ್ನು ಬರೆದಿದ್ದೇವೆ. ಮೊದಲ ಸಹಿ ಆ ಹುಡುಗನ ತಾಯಿಯದು. ಅರ್ಧಕ್ಕಿಂತ ಹೆಚ್ಚು ಮನೆಯವರು ಒಪ್ಪಿದ್ದಾರೆ. ಉಳಿದವರು, ಆ ಎರಡೂವರೆ ಗಂಟೆ ಕಾರು ಎಲ್ಲಿ ನಿಲ್ಲಿಸುವುದೆಂದು ಕೇಳುತ್ತಿದ್ದಾರೆ.