ಕಾವು ಕೂರದ ಕೋಳಿಗೆ ‘ನಾಟಿ’ ಎಂಬ ಹೆಸರೇಕೆ?

ಮಲ್ಲೇಶ್ವರದ ಸಂಪಿಗೆ ರಸ್ತೆ ಮತ್ತು ಅದರ ಅಡ್ಡರಸ್ತೆಗಳ ತರಕಾರಿ ಅಂಗಡಿಗಳ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ‘ನಾಟಿ’ ಎಂಬ ಎರಡಕ್ಷರಕ್ಕೆ ಈ ನಗರದಲ್ಲಿ ಎಷ್ಟು ಬೆಲೆ ಬಂದಿದೆ ಎಂಬುದು ತಿಳಿಯುತ್ತದೆ. ನಾಟಿ ಕೊತ್ತಂಬರಿ, ನಾಟಿ ಟೊಮೆಟೊ, ನಾಟಿ ಸೌತೆಕಾಯಿ. ಗಿರಾಕಿಗಳು ಕೈಯಲ್ಲಿ ಹಿಡಿದು ಮೂಸಿ ನೋಡುತ್ತಾರೆ, ವ್ಯಾಪಾರಿ ಆಣೆ ಮಾಡುತ್ತಾನೆ, ನಾಲ್ಕು ಕಾಸು ಹೆಚ್ಚಿಗೆ ಕೈ ಬದಲಾಗುತ್ತದೆ. ಕೊತ್ತಂಬರಿಯಲ್ಲಿ ಮೋಸವಿದ್ದರೆ ಮೂಗು ಪತ್ತೆ ಹಚ್ಚೀತು. ಕೋಳಿಯ ವಿಷಯ ಹಾಗಲ್ಲ. ಕಾಡುಮಲ್ಲೇಶ್ವರನ ಸನ್ನಿಧಿಯ ಈ ಬಡಾವಣೆಯ ಮುಖ್ಯಬೀದಿಯಲ್ಲಿ ಕೋಳಿಗೆ ಅಷ್ಟಾಗಿ ಜಾಗವಿಲ್ಲ ನಿಜ. ಆದರೆ ಶ್ರೀರಾಂಪುರದ ಕಡೆಗೋ ಯಶವಂತಪುರದ ಕಡೆಗೋ ಸ್ವಲ್ಪ ಸರಿದರೆ ‘ಇಲ್ಲಿ ನಾಟಿ ಕೋಳಿ ಸಿಗುತ್ತದೆ’ ಎಂಬ ಫಲಕಗಳು ಎದುರಾಗುತ್ತವೆ. ಪಂಜರದಲ್ಲಿರುವ ಹಕ್ಕಿಗೆ ಕಂದು, ಕಪ್ಪು, ಚುಕ್ಕೆ ಬಣ್ಣದ ಪುಕ್ಕಗಳಿವೆ; ಅದು ಬಿಳಿಯ ಬ್ರಾಯ್ಲರ್ ಅಲ್ಲ. ಕೊಳ್ಳುವವರಿಗೆ ಅಷ್ಟೇ ಸಾಕ್ಷಿ.

ಹೀಗೆ ನಾಟಿ ಎಂದು ಕರೆಸಿಕೊಂಡು ಮಾರಾಟವಾಗುವ ಹಕ್ಕಿಗಳಲ್ಲಿ ಗಿರಿರಾಜವೂ ಅದರಂಥ ಇತರ ಸುಧಾರಿತ ಕೋಳಿಗಳೂ ಸೇರಿರುತ್ತವೆ ಎಂಬುದು ವ್ಯಾಪಾರಿಗಳಿಗೂ ಗೊತ್ತು, ಬಲ್ಲ ಗಿರಾಕಿಗಳಿಗೂ ಗೊತ್ತು. ಇದನ್ನು ಕೇವಲ ಅಂಗಡಿಯ ಸಣ್ಣ ಸುಳ್ಳೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಈ ಒಂದು ಹೆಸರಿನ ಅದಲುಬದಲಿನಿಂದ ಇಬ್ಬರಿಗೆ ಅನ್ಯಾಯವಾಗುತ್ತಿದೆ: ಗಿರಿರಾಜವನ್ನು ರೂಪಿಸಿದ ವಿಜ್ಞಾನಿಗಳಿಗೆ ಮತ್ತು ನಿಜವಾದ ನಾಟಿ ಕೋಳಿಯನ್ನು ಹಿತ್ತಲಲ್ಲಿ ಸಾಕುವ ಹೆಣ್ಣುಮಕ್ಕಳಿಗೆ. ಎರಡನೆಯದು ಹೆಚ್ಚು ಗಂಭೀರವಾದುದು.

ಗಿರಿರಾಜ ಹೊರಗಿನಿಂದ ಬಂದ ಹಕ್ಕಿಯಲ್ಲ. ಸಂಪಿಗೆ ರಸ್ತೆಯಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದ ಹೆಬ್ಬಾಳದಲ್ಲಿ ಅದು ಹುಟ್ಟಿತು. ಅಲ್ಲಿಯ ಪಶುವೈದ್ಯಕೀಯ ಕಾಲೇಜು ಆರಂಭವಾದದ್ದು 1958ರಲ್ಲಿ. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಆಶ್ರಯಕ್ಕೆ ಬಂದಿತು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ಕಾಲೇಜಿನ ಕೋಳಿವಿಜ್ಞಾನ ವಿಭಾಗ ಈ ಹಕ್ಕಿಯನ್ನು ಸಿದ್ಧಗೊಳಿಸಿತು. 2004ರ ಕಾಯ್ದೆಯಂತೆ ಬೀದರಿನಲ್ಲಿ ಪ್ರತ್ಯೇಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಬಳಿಕ ಕಾಲೇಜು ಅದರ ಅಂಗವಾಯಿತು. ತಳಿಯೂ ಅದರ ಹೆಸರಿಗೆ ಸೇರಿತು.

ಆ ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ ಸರಳವಾಗಿತ್ತು, ಉತ್ತರ ಸರಳವಾಗಿರಲಿಲ್ಲ. ಹಳ್ಳಿಯ ಹೇಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಿಟ್ಟರೆ ಹೆಚ್ಚು. ತೂಕ ಒಂದೂವರೆ ಕಿಲೊ ಮುಟ್ಟಲು ಹೆಣಗುತ್ತದೆ. ಫಾರಮ್ಮಿನ ಬಿಳಿ ಲೆಗ್‌ಹಾರ್ನ್ ಮುನ್ನೂರರ ಹತ್ತಿರ ಮೊಟ್ಟೆ ಇಡಬಲ್ಲದು, ಆದರೆ ಅದನ್ನು ತಂದು ತಿಪ್ಪೆಯ ಮೇಲೆ ಬಿಟ್ಟರೆ ಉಳಿಯುವುದಿಲ್ಲ. ಅದಕ್ಕೆ ತೂಗಿ ಅಳೆದ ಆಹಾರ ಬೇಕು, ಸೂರು ಬೇಕು. ಬಿಳಿಯ ಮೈ ಹದ್ದಿನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಹಳ್ಳಿಗೆ ಬೇಕಾದುದು ನೋಡಲು ನಾಟಿಯಂತಿದ್ದು, ಹುಳಹುಪ್ಪಟೆ, ಸೊಪ್ಪುಸದೆ, ಕಣದ ಕಾಳು ಆಯ್ದು ತಿಂದು, ಅದಕ್ಕಿಂತ ಎರಡು ಮೂರು ಪಟ್ಟು ಕೊಡುವ ಹಕ್ಕಿ. ಹಲವು ತಳಿಗಳ ಗುಣವನ್ನು ಬೆರೆಸಿ, ಬಣ್ಣವನ್ನು ಉಳಿಸಿಕೊಂಡು ಹೆಬ್ಬಾಳದವರು ಅಂಥದನ್ನು ಪಡೆದರು. ಗಿರಿರಾಜದ ಹೇಟೆ ಸುಮಾರು 166 ದಿನಗಳ ವಯಸ್ಸಿಗೆ ಮೊದಲ ಮೊಟ್ಟೆಯಿಡುತ್ತದೆ. ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ. ಮೊಟ್ಟೆಯೊಂದರ ತೂಕ 52ರಿಂದ 55 ಗ್ರಾಂ, ಚಿಪ್ಪು ಕಂದು ಮತ್ತು ಗಟ್ಟಿ. ರೋಗನಿರೋಧಕ ಶಕ್ತಿ ಚೆನ್ನಾಗಿದೆ. ಹಳ್ಳಿಗರು ಕೊಕ್ಕರೆ ರೋಗವೆನ್ನುವ ರಾಣಿಖೇತಿಗೆ ಮಾತ್ರ ಲಸಿಕೆ ತಪ್ಪಿಸುವಂತಿಲ್ಲ. ಸರ್ಕಾರಿ ಹಣದಲ್ಲಿ, ಬಡವರ ಹಿತ್ತಲನ್ನು ಕಣ್ಣಮುಂದಿಟ್ಟುಕೊಂಡು ನಡೆದ ಇಂಥ ತಳಿಕಾರ್ಯ ನಮ್ಮಲ್ಲಿ ಹೆಚ್ಚಿಲ್ಲ. ಬ್ರಾಯ್ಲರಿನ ತಾಯಿತಂದೆಗಳು ಇಂದು ಜಗತ್ತಿನ ಬೆರಳೆಣಿಕೆಯ ಕಂಪನಿಗಳ ಸ್ವತ್ತು ಎಂಬುದನ್ನು ನೆನೆದರೆ ಈ ಸಾಧನೆಯ ಬೆಲೆ ತಿಳಿಯುತ್ತದೆ.

ಮೈ ಭಾರವಾದದ್ದರಿಂದ ಗಿರಿರಾಜಕ್ಕೆ ಓಡುವ, ಹಾರುವ ಚುರುಕು ಕಡಿಮೆ. ನರಿ, ಕಾಡುಬೆಕ್ಕುಗಳಿಗೆ ಅದು ಸುಲಭದ ತುತ್ತು. ಹಾಗಾಗಿಯೇ 2005ರಲ್ಲಿ ಹೆಬ್ಬಾಳದಿಂದ ಸ್ವರ್ಣಧಾರಾ ಎಂಬ ಇನ್ನೊಂದು ಕೋಳಿ ಹೊರಬಂತು. ಗಿರಿರಾಜಕ್ಕಿಂತ ಹಗುರ, ಮೊಟ್ಟೆಯಲ್ಲಿ ಒಂದು ಕೈ ಮುಂದೆ: ವರ್ಷಕ್ಕೆ 180ರಿಂದ 190.

ಇಷ್ಟೆಲ್ಲ ಇದ್ದೂ ಗಿರಿರಾಜದಲ್ಲಿ ಒಂದು ಇಲ್ಲ. ಅದು ಕಾವು ಕೂರುವುದಿಲ್ಲ.

ಇದನ್ನು ದೋಷವೆನ್ನುವುದು ತಪ್ಪು. ಇದು ಹೆಚ್ಚು ಮೊಟ್ಟೆಗೆ ತೆತ್ತ ಬೆಲೆ. ನಾಟಿ ಹೇಟೆ ಹತ್ತು ಹನ್ನೆರಡು ಮೊಟ್ಟೆಯಿಟ್ಟ ಮೇಲೆ ಅದರ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಹಕ್ಕಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ, ಗರಿ ಕೆದರಿಕೊಂಡು ಗೂಡಿನಲ್ಲಿ ಕೂರುತ್ತದೆ, ಹತ್ತಿರ ಹೋದವರ ಕೈಗೆ ಕುಕ್ಕುತ್ತದೆ. ಇಪ್ಪತ್ತೊಂದು ದಿನ ಕಾವು. ಆಮೇಲೆ ಮರಿಗಳನ್ನು ಕಟ್ಟಿಕೊಂಡು ವಾರಗಟ್ಟಲೆ ತಿರುಗಾಟ. ಹದ್ದು ಕಂಡರೆ ಕೂಗು, ಮಳೆ ಬಂದರೆ ರೆಕ್ಕೆಯಡಿಯ ಆಸರೆ. ಅಷ್ಟು ದಿನವೂ ಮೊಟ್ಟೆಯಿಲ್ಲ. ಮೊಟ್ಟೆಯ ಲೆಕ್ಕವನ್ನಷ್ಟೇ ನೋಡುವ ತಳಿವಿಜ್ಞಾನಕ್ಕೆ ಈ ಮಾತೃತ್ವ ಶುದ್ಧ ನಷ್ಟ. ಆದ್ದರಿಂದ ಜಗತ್ತಿನಾದ್ಯಂತ ಮೊಟ್ಟೆಕೋಳಿಗಳನ್ನು ಆಯ್ದವರು ಕಾವಿಗೆ ಕೂರದ ಹೇಟೆಗಳನ್ನೇ ಆಯ್ದರು. ಯಂತ್ರದ ಕಾವುಪೆಟ್ಟಿಗೆ ಇರುವಲ್ಲಿ ತಾಯಿಯ ಕೆಲಸವೇನು ಎಂಬುದು ಅವರ ತರ್ಕ. ಫಾರಮ್ಮಿಗೆ ಆ ತರ್ಕ ಸರಿ.

ಹಿತ್ತಲಿಗೆ ಸರಿಯೇ? ಹಳ್ಳಿಗಳಲ್ಲಿ ಗಿರಿರಾಜದ ಮೊಟ್ಟೆಗೆ ಮರಿ ಮಾಡಿಸಬೇಕೆಂದರೆ ಕಾವಿಗೆ ಬಂದ ನಾಟಿ ಹೇಟೆಯೊಂದನ್ನು ಹುಡುಕುತ್ತಾರೆ. ಪುಟ್ಟಿಯಲ್ಲಿ ಹುಲ್ಲು ಹಾಸಿ, ಅದರ ಕೆಳಗೆ ಗಿರಿರಾಜದ ದೊಡ್ಡ ಮೊಟ್ಟೆಗಳನ್ನು ಇಡುತ್ತಾರೆ. ಪಾಪದ ಹಕ್ಕಿ ಅವು ತನ್ನವೇ ಎಂದು ಕೂತು, ತನಗಿಂತ ದೊಡ್ಡದಾಗಿ ಬೆಳೆಯಲಿರುವ ಮರಿಗಳನ್ನು ಮೇಯಿಸಿಕೊಂಡು ತಿರುಗುತ್ತದೆ. ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆಯ ಕಥೆಯೇ ಇದು, ಇಲ್ಲಿ ಮೊಟ್ಟೆಯಿಡುವವಳು ಮನೆಯೊಡತಿ ಎಂಬುದಷ್ಟೇ ವ್ಯತ್ಯಾಸ. ಅಷ್ಟಾದರೂ ಆ ಮರಿಗಳು ತಾಯಿಯಷ್ಟೇ ಮೊಟ್ಟೆ ಕೊಡುತ್ತವೆಂಬ ಭರವಸೆಯಿಲ್ಲ. ಬೆರಕೆಯಿಂದ ಬಂದ ಗುಣ ಮುಂದಿನ ಪೀಳಿಗೆಯಲ್ಲಿ ಚದುರಿಹೋಗುತ್ತದೆ. ಒಳ್ಳೆಯ ಮರಿ ಬೇಕಾದರೆ ಮತ್ತೆ ಹ್ಯಾಚರಿಗೇ ಹೋಗಬೇಕು, ಮತ್ತೆ ದುಡ್ಡು ಎಣಿಸಬೇಕು.

ಹಿತ್ತಲ ಕೋಳಿಯ ಅರ್ಥಶಾಸ್ತ್ರವನ್ನು ಬಲ್ಲವರಿಗೆ ಇದರ ತೂಕ ತಿಳಿದೀತು. ನಾಟಿ ಹೇಟೆ ಸಾಕಿದವಳು ಒಮ್ಮೆ ಒಂದು ಹೇಟೆ ತಂದರೆ ಆಯಿತು, ಆಮೇಲೆ ಸಂತತಿ ತಾನಾಗಿ ಮುಂದುವರಿಯುತ್ತದೆ. ಮಗಳಿಗೆ ಎರಡು ಹೇಟೆ ಕೊಟ್ಟು ಕಳಿಸಬಹುದು, ನೆರೆಯವಳೊಂದಿಗೆ ಪಾಲಿಗೆ ಬಿಡಬಹುದು. ಶಾಲೆಯ ಪುಸ್ತಕಕ್ಕೋ ಔಷಧಿಗೋ ದುಡ್ಡು ಬೇಕಾದಾಗ ಒಂದು ಹುಂಜವನ್ನು ಸಂತೆಗೆ ಒಯ್ಯಬಹುದು. ಈ ಹಣದ ಮೇಲೆ ಮನೆಯ ಗಂಡಸಿಗೆ ಸಾಮಾನ್ಯವಾಗಿ ಹಕ್ಕಿರುವುದಿಲ್ಲ. ಕಾವು ಎಂಬ ಗುಣವೇ ಅವಳ ಬಂಡವಾಳ. ಅವಳ ಹಕ್ಕಿಗೆ ಪೇಟೆಯಲ್ಲಿ ಸಿಗುವ ಹೆಚ್ಚಿನ ಬೆಲೆ ‘ನಾಟಿ’ ಎಂಬ ಹೆಸರಿಗೆ ಸಿಗುವ ಬೆಲೆ. ಮೂರು ಕಿಲೊ ತೂಗುವ, ಬೇಗ ಬೆಳೆಯುವ ಹಕ್ಕಿಯನ್ನು ಅದೇ ಹೆಸರಿನಲ್ಲಿ ಮಾರತೊಡಗಿದರೆ ಒಂದೂವರೆ ಕಿಲೊದ ಅವಳ ಹೇಟೆ ಆ ಸ್ಪರ್ಧೆಯಲ್ಲಿ ಎಲ್ಲಿ ನಿಂತೀತು?

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ನಾಟಿ ಎಂಬುದಕ್ಕೆ ಅರ್ಥವಾದರೂ ಏನು, ಎಲ್ಲವೂ ಬೆರಕೆಯೇ ಅಲ್ಲವೆ ಎಂದು ಕೇಳುವವರಿದ್ದಾರೆ. ಅವರ ಮಾತು ಅರ್ಧ ನಿಜ. ಕೋಳಿಯ ಮೂಲ ಕೆಂಪು ಕಾಡುಕೋಳಿ. ಅದು ಮನೆಯ ಹಕ್ಕಿಯಾದದ್ದು ಆಗ್ನೇಯ ಏಷ್ಯಾದ ಕಡೆ ಎಂಬುದನ್ನು 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಬಲವಾಗಿ ಸೂಚಿಸಿದೆ. ಆದರೆ ಹಳದಿ ಕಾಲು, ಹಳದಿ ಚರ್ಮದ ಗುಣ ಬಂದದ್ದು ಬೇರೆ ಮೂಲದಿಂದ, ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು 2008ರಲ್ಲಿ ಇದನ್ನು ತೋರಿಸಿಕೊಟ್ಟರು. ಅಮೆರಿಕದ ಫಾರಮ್ಮಿನ ಹಳದಿ ಕಾಲಿನ ಕೋಳಿಯಲ್ಲೂ ಕೊಡಗಿನ ಕಾಡುಹಕ್ಕಿಯ ಬಳಗದ ಒಂದು ತುಣುಕು ಇದೆ ಎಂದಾಯಿತು. ಬ್ರಾಯ್ಲರಿನ ಎದೆಯ ಮಾಂಸದ ಕಥೆಯೂ ಅಂಥದೇ. ಅದಕ್ಕೆ ತಂದೆಯಾದ ಕಾರ್ನಿಶ್ ತಳಿ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು ಭಾರತದ ಕಾಳಗದ ಹುಂಜ ಅಸೀಲಿನ ರಕ್ತದಿಂದ. ಅಲ್ಲಿ ಅದನ್ನು ‘ಇಂಡಿಯನ್ ಗೇಮ್’ ಎಂದೇ ಕರೆಯುತ್ತಿದ್ದರು.

ಆದ್ದರಿಂದ ನನ್ನ ವಾದ ರಕ್ತಶುದ್ಧಿಯದಲ್ಲ. ಕೋಳಿಗೆ ಕುಲಗೋತ್ರ ಹುಡುಕುವ ಉತ್ಸಾಹ ನನಗಿಲ್ಲ, ಮನುಷ್ಯರಲ್ಲಿ ಅದು ಮಾಡಿರುವ ಅನಾಹುತವೇ ಸಾಕು. ನಾಟಿ ಎಂದರೆ ಯಾರ ಹಂಗೂ ಇಲ್ಲದೆ ಹಿತ್ತಲಲ್ಲಿ ಬದುಕಿ, ತಾನೇ ಕಾವು ಕೂತು, ತನ್ನ ಮರಿಯನ್ನು ತಾನೇ ದೊಡ್ಡದು ಮಾಡುವ ಹಕ್ಕಿ. ಈ ಅರ್ಥದಲ್ಲಿ ಗಿರಿರಾಜ ನಾಟಿಯಲ್ಲ.

ಹೆಸರಿನ ಬೆಲೆಯನ್ನು ನೆರೆಯವರು ನಮಗಿಂತ ಚೆನ್ನಾಗಿ ಅರಿತಿದ್ದಾರೆ. ಮಧ್ಯಪ್ರದೇಶದ ಝಾಬುವಾದ ಆದಿವಾಸಿಗಳ ಕಡಕ್‌ನಾಥ್ ಕೋಳಿಗೆ 2018ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಚರ್ಮ, ಮಾಂಸ, ಮೂಳೆಯವರೆಗೆ ಕಪ್ಪಾದ ಆ ಹಕ್ಕಿಯನ್ನು ಇನ್ನೊಂದೆಂದು ಮಾರುವುದು ಕಷ್ಟ. ಬಣ್ಣವೇ ಅದರ ಕಾವಲು. ನಮ್ಮಲ್ಲಿ ಅಂಥ ಸುಲಭದ ಗುರುತಿಲ್ಲ. ಆದರೆ ಹಕ್ಕಿ ಇಲ್ಲವೆಂದಲ್ಲ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ನೋಂದಾಯಿಸಿರುವ ದೇಶಿ ಕೋಳಿತಳಿಗಳಲ್ಲಿ ಘಾಗಸ್ ಎಂಬುದೊಂದಿದೆ. ಅದರ ನೆಲೆ ಕೋಲಾರ ಸೀಮೆ ಮತ್ತು ಅದಕ್ಕೆ ತಾಗಿದ ಆಂಧ್ರದ ಭಾಗ. ಉದ್ದನೆಯ ಗಟ್ಟಿ ಕಾಲು, ಕಂದು ಅಥವಾ ಕಪ್ಪು ಮೈ, ಹುಂಜದ ಕೊರಳಲ್ಲಿ ಹೊಂಬಣ್ಣದ ಗರಿ, ಗಂಟಲ ಕೆಳಗೆ ಜೋಲುವ ಚರ್ಮ. ಅಲೆಮಾರಿ ಸಮುದಾಯಗಳು ತಲೆಮಾರುಗಳಿಂದ ಸಾಕಿ ಉಳಿಸಿಕೊಂಡು ಬಂದ ಹಕ್ಕಿಯಿದು. ಬೆಂಗಳೂರಿನಿಂದ ಎರಡು ಗಂಟೆಯ ದಾರಿಯಲ್ಲಿ ಹುಟ್ಟಿದ ಈ ತಳಿಯ ಹೆಸರನ್ನು ನಮ್ಮ ನಾಟಿಪ್ರಿಯ ನಗರಿಗರಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಅದರ ಹಿಂಡೊಂದನ್ನು ಇರಿಸಿಕೊಂಡು ಅಭ್ಯಾಸ ಮಾಡುತ್ತಿರುವುದು ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ.

ಹಿಂಡುಗಳನ್ನು ಸಂಸ್ಥೆಗಳಲ್ಲಿ ಕಾಪಾಡಿದರೆ ಸಾಲದೆ ಎಂದು ಕೇಳಬಹುದು. ಸಾಲದು. 2012ರ ಅಕ್ಟೋಬರಿನಲ್ಲಿ ನಮ್ಮ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿತು. ಕಾನೂನಿನಂತೆ ಆವರಣದ ಇತರ ಹಕ್ಕಿಗಳನ್ನೂ ಕೊಲ್ಲಬೇಕಾಯಿತು. ಅದು ಅನಿವಾರ್ಯವಾಗಿತ್ತು, ಅಧಿಕಾರಿಗಳನ್ನು ದೂರುವಂತಿಲ್ಲ. ಆದರೆ ವರ್ಷಗಟ್ಟಲೆಯ ತಳಿಕಾರ್ಯ ಒಂದೇ ಬೇಲಿಯೊಳಗಿದ್ದರೆ ಕೆಲವೇ ದಿನಗಳಲ್ಲಿ ಏನಾಗಬಹುದು ಎಂಬುದನ್ನು ಆ ಘಟನೆ ಈ ನಗರದ ಅಂಚಿನಲ್ಲೇ ತೋರಿಸಿತು. ಸಾವಿರ ಹಳ್ಳಿಗಳ ಹಿತ್ತಲಲ್ಲಿ ಹರಡಿಕೊಂಡ ತಳಿಗೆ ಅಂಥ ಒಂದೇ ಏಟಿನ ಭಯವಿಲ್ಲ. ಅದನ್ನು ಕಾಯಲು ಸರ್ಕಾರಕ್ಕೆ ಕಾಸೂ ಖರ್ಚಿಲ್ಲ. ಸಾಕುವವಳಿಗೆ ಸಾಕುವುದು ಗಿಟ್ಟಿದರಾಯಿತು.

ಗಿರಿರಾಜದ ಮೇಲೆ ನನ್ನ ದೂರೇನೂ ಇಲ್ಲ. ವರ್ಷವಿಡೀ ಮನೆಮಕ್ಕಳಿಗೆ ಮೊಟ್ಟೆ ಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಹಿತ್ತಲ ಹಕ್ಕಿ ಅಪರೂಪ. ಅದು ತನ್ನ ಹೆಸರಿನಲ್ಲೇ ಮಾರುಕಟ್ಟೆಗೆ ಬರಲಿ. ಅಂಗಡಿಯ ಫಲಕದಲ್ಲಿ ‘ಹೆಬ್ಬಾಳದ ಗಿರಿರಾಜ’ ಎಂದು ಬರೆದರೆ ಯಾರ ಮಾನವೂ ಹೋಗುವುದಿಲ್ಲ. ಕನ್ನಡನಾಡಿನ ವಿಜ್ಞಾನಿಗಳ ಹಕ್ಕಿಯೆಂದು ಹೆಮ್ಮೆಯಿಂದ ಕೊಳ್ಳುವವರೂ ಸಿಕ್ಕಾರು. ಹೆಬ್ಬಾಳದ ವಿಭಾಗವೇ ಮುಂದೆ ನಿಂತು ಈ ಹೆಸರನ್ನು ಕಾಯಬೇಕು. ಹೋಟೆಲಿನ ತಿಂಡಿಪಟ್ಟಿಯಲ್ಲಿ ‘ನಾಟಿ ಕೋಳಿ ಸಾರು’ ಎಂದು ಅಚ್ಚು ಹಾಕಿಸುವವರಿಗೆ ಹಕ್ಕಿ ಎಲ್ಲಿಂದ ಬಂತೆಂದು ಕೇಳುವ ಅಧಿಕಾರ ಆಹಾರ ಸುರಕ್ಷತಾ ಅಧಿಕಾರಿಗಳಿಗಿದೆ. ತಪ್ಪು ಹೆಸರಿನಲ್ಲಿ ಆಹಾರ ಮಾರುವುದು ಕೋಳಿಯ ವಿಷಯದಲ್ಲಿ ಮಾತ್ರ ಕ್ಷಮ್ಯವಾಗಬೇಕಿಲ್ಲ.

ಇನ್ನು ಪಶುಪಾಲನಾ ಇಲಾಖೆಯ ಮಾತು. ಗ್ರಾಮೀಣ ಮಹಿಳೆಯರಿಗೆ ಸುಧಾರಿತ ಕೋಳಿಮರಿಗಳನ್ನು ಹಂಚುವ ಯೋಜನೆಗಳನ್ನು ಅದು ನಡೆಸಿಕೊಂಡು ಬಂದಿದೆ. ಮರಿ ಹಂಚಿ, ಪಟ ತೆಗೆಸಿಕೊಂಡು, ಆಮೇಲೆ ಮುಂದಿನ ವರ್ಷದ ಮರಿಗೆ ಅದೇ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು ಎಂದು ಕೇಳದೆ ಬಿಡುವುದು ಸರಿಯಲ್ಲ. ಪ್ರತಿ ಹತ್ತು ಗಿರಿರಾಜ ಮರಿಗಳ ಜೊತೆಗೆ ಕಾವು ಕೂರುವ ಒಂದು ನಾಟಿ ಹೇಟೆಯನ್ನೂ ಕೊಡಲಿ. ಅದನ್ನು ಯಾವುದೇ ಫಾರಮ್ಮಿನಿಂದ ತರಿಸಬೇಕಿಲ್ಲ. ಅದೇ ಊರಿನಲ್ಲಿ, ಪಕ್ಕದ ಬೀದಿಯಲ್ಲಿ, ಇಷ್ಟು ದಿನ ಅದನ್ನು ಸಾಕಿಕೊಂಡು ಬಂದವಳಿಂದ ಪೇಟೆಯ ಬೆಲೆ ಕೊಟ್ಟು ಕೊಳ್ಳಲಿ.