ಡಾಕ್ಟರ ಚೀಟಿ: ವರಕ್ಕೊಂದು ಷರತ್ತು



ದೀಪಾವಳಿಯ ಆಸುಪಾಸಿನಲ್ಲೇ ಇಲ್ಲಿನ ಶಾಲೆಗಳಿಗೆ ಹಾಫ್ ಟರ್ಮ್ ರಜೆ. ಹೊರಗೆ ಜಿಟಿಜಿಟಿ ಮಳೆ, ಸಂಜೆ ಐದಕ್ಕೆಲ್ಲ ಕತ್ತಲೆ. ಒಳಗೆ ಟಿವಿಯ ಮುಂದೆ ಮಕ್ಕಳು, ಪರದೆಯ ಮೇಲೆ ಹ್ಯಾರಿ ಪಾಟರ್. ಊರಿನಿಂದ ಬಂದ ಅಜ್ಜಿ "ಇದು ನಮ್ಮ ಘಟೋತ್ಕಚನ ಮಾಯೆಯ ಹಾಗೇ ಇದೆಯಲ್ಲ" ಎಂದರೆ ಮಕ್ಕಳಿಗೆ ನಗು. ಅಪ್ಪ ಅಮ್ಮಂದಿರಿಗೆ ಬೇರೆಯೇ ಚಿಂತೆ: ಇದನ್ನೆಲ್ಲ ನೋಡಿ ಮಕ್ಕಳು ಮಂತ್ರ, ಮಾಟ ನಂಬಿಬಿಟ್ಟರೆ? ನಮ್ಮ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಈ ಪ್ರಶ್ನೆ ನನ್ನ ಪಾಲಿಗೆ ಬರುವುದುಂಟು. ಡಾಕ್ಟರ್ ಅಂದಮೇಲೆ ಎಲ್ಲದಕ್ಕೂ ಔಷಧ ಇರಬೇಕಲ್ಲ! ನನ್ನ ಉತ್ತರ ಇಷ್ಟೇ: ಅಜ್ಜಿ ಹೇಳಿದ್ದು ಸರಿ. ಚಿಂತೆಯೂ ಸರಿಯೇ, ಆದರೆ ಅದು ತಪ್ಪು ಕಾರ್ಯಕ್ರಮದ ಮೇಲೆ ಬಿದ್ದಿದೆ.

ಲಂಡನ್ನಿನ ಮಾಯಾಚಿತ್ರಗಳಿಗೂ ನಮ್ಮ ಮೈಸೂರಿಗೂ ಹಳೆಯ ನಂಟಿದೆ. ಸಾಬು ದಸ್ತಗೀರ್ ಹುಟ್ಟಿದ್ದು 1924ರಲ್ಲಿ, ಆಗಿನ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತ. 'ಎಲಿಫೆಂಟ್ ಬಾಯ್' ಚಿತ್ರಕ್ಕಾಗಿ ಹುಡುಗನನ್ನು ಹುಡುಕುತ್ತಾ ಬಂದ ರಾಬರ್ಟ್ ಫ್ಲಾಹರ್ಟಿಯ ಕಣ್ಣಿಗೆ ಬಿದ್ದ ಸಾಬು ಇಂಗ್ಲೆಂಡಿಗೆ ಬಂದ. 1937ರಲ್ಲಿ ಆ ಚಿತ್ರ ತೆರೆಕಂಡಿತು. ಮುಂದೆ ಅಲೆಕ್ಸಾಂಡರ್ ಕೋರ್ಡಾ ನಿರ್ಮಿಸಿದ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದಲ್ಲಿ ಅವನೇ ಕಳ್ಳಹುಡುಗ ಅಬು. ನಮ್ಮ ಅಕ್ಸ್‌ಬ್ರಿಡ್ಜ್ ದಾಟಿದರೆ ಸಿಗುವ ಡೆನಮ್‌ನ ಸ್ಟುಡಿಯೋದಲ್ಲಿ ಶುರುವಾದ ಚಿತ್ರ, 1939ರಲ್ಲಿ ಯುದ್ಧ ಬಂದದ್ದರಿಂದ ಅಮೆರಿಕದಲ್ಲಿ ಮುಗಿದು 1940ರಲ್ಲಿ ಬಿಡುಗಡೆಯಾಯಿತು. ಹಾರುವ ಕುದುರೆ, ಹಾರುವ ಚಾಪೆ, ಸೀಸೆಯಿಂದ ಎದ್ದು ಬರುವ ಬೆಟ್ಟದಂಥ ಜೀನಿ! ನೀಲಿ ಪರದೆಯ ಮುಂದೆ ನಟರನ್ನು ಚಿತ್ರಿಸಿ, ಆ ನೀಲಿಯ ಜಾಗದಲ್ಲಿ ಬೇರೆ ದೃಶ್ಯವನ್ನು ಕೂಡಿಸುವ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಮೊದಮೊದಲ ಚಿತ್ರಗಳಲ್ಲಿ ಇದೂ ಒಂದು. ಸ್ಪೆಷಲ್ ಎಫೆಕ್ಟ್ಸ್ ಸೇರಿ ಮೂರು ಆಸ್ಕರ್ ಪಡೆಯಿತು. ಇವತ್ತು ಮಕ್ಕಳು ವಾಟ್‌ಫರ್ಡ್ ಬಳಿಯ ಲೀವ್ಸ್‌ಡೆನ್ ಸ್ಟುಡಿಯೋಗೆ ಹೋಗಿ, ಪೊರಕೆಯ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದು ಆ ವಿದ್ಯೆಯ ಮೊಮ್ಮಗು.

ಈಗ ಆ ಕಥೆಯನ್ನು ಸ್ವಲ್ಪ ಗಮನಿಸಿ. ಜೀನಿ ಕೊಡುವುದು ಮೂರೇ ವರ. ಹಸಿದ ಅಬು ಮೊದಲನೆಯದನ್ನು ಸಾಸೇಜ್ ತಿನ್ನುವುದಕ್ಕೆ ಕಳೆಯುತ್ತಾನೆ. ಕೊನೆಯದನ್ನು ಗೆಳೆಯನ ಮೇಲಿನ ಸಿಟ್ಟಿನಲ್ಲಿ ಬಾಯಿತಪ್ಪಿ ಕಳೆದುಕೊಳ್ಳುತ್ತಾನೆ. ವರ ಮುಗಿಯಿತು, ಜೀನಿ ನಗುತ್ತಾ ಹಾರಿಹೋಯಿತು. ಅಂದರೆ ಮಾಯೆಗೂ ಲೆಕ್ಕವಿದೆ.

ಹ್ಯಾರಿ ಪಾಟರ್‌ನಲ್ಲೂ ಹಾಗೇ. 2002ರಲ್ಲಿ ಬಂದ ಎರಡನೆಯ ಚಿತ್ರದಲ್ಲಿ ಹ್ಯಾರಿಯ ತೋಳು ಮುರಿಯುತ್ತದೆ. ಜಂಬದ ಪ್ರೊಫೆಸರ್ ಲಾಕ್‌ಹಾರ್ಟ್ ಎಲ್ಲರೆದುರು ಮಂತ್ರ ಹಾಕಿ ಸರಿಮಾಡಲು ಹೋದರೆ, ತೋಳಿನ ಮೂಳೆಗಳೇ ಮಾಯ! ಆಮೇಲೆ ಶಾಲೆಯ ಆಸ್ಪತ್ರೆಯಲ್ಲಿ ಮೇಡಮ್ ಪಾಮ್‌ಫ್ರಿ ಮೂಳೆ ಬೆಳೆಸುವ ಕಹಿ ಔಷಧ ಕುಡಿಸಿ, ರಾತ್ರಿಯೆಲ್ಲ ನೋವು ಇರುತ್ತದೆಂದು ಎಚ್ಚರಿಸುತ್ತಾಳೆ. ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯ ವೈದ್ಯಕೀಯ ಪಾಠ. ಗ್ಯಾರಂಟಿ ಕೊಟ್ಟವನು ಕೆಡಿಸಿದ, ನೋವಾಗುತ್ತದೆ ಎಂದು ಮೊದಲೇ ಹೇಳಿದವಳು ವಾಸಿಮಾಡಿದಳು.

ನಮ್ಮವರು ಇದನ್ನು ಎಂದೋ ಕಂಡುಕೊಂಡಿದ್ದರು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಡಾ. ರಾಜ್‌ಕುಮಾರ್ ಅವರ ಹಿರಣ್ಯಕಶಿಪುವನ್ನು ನೆನೆಸಿಕೊಳ್ಳಿ. ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ ಎಂದು ವಕೀಲರ ಹಾಗೆ ವರ ಬರೆಸಿಕೊಂಡರೂ ಹೊಸ್ತಿಲೊಂದು ಉಳಿದೇಬಿಟ್ಟಿತು. ಯಕ್ಷಗಾನದ ಭಸ್ಮಾಸುರನಿಗೆ ತನ್ನ ವರವೇ ತನ್ನ ತಲೆಯ ಮೇಲೆ ಬಂತು. ನಮ್ಮ ಭಾಷೆಯಲ್ಲಿ ಸೈಡ್ ಎಫೆಕ್ಟ್. 1987ರಲ್ಲಿ ಶುರುವಾದ ರಮಾನಂದ ಸಾಗರರ 'ರಾಮಾಯಣ' ಧಾರಾವಾಹಿಯನ್ನು ಊರಿನಲ್ಲಿ ಬೀದಿಗೆ ಬೀದಿಯೇ ಕೂತು ನೋಡಿತ್ತು. ಅದರಲ್ಲೂ ಸಂಜೀವಿನಿ ಸುಮ್ಮನೆ ಸಿಗಲಿಲ್ಲ. ಸುಷೇಣನೆಂಬ ವೈದ್ಯ ಬಂದು ಪರೀಕ್ಷಿಸಬೇಕಾಯಿತು, ಸೂರ್ಯೋದಯದೊಳಗೆ ತರಬೇಕೆಂಬ ಗಡುವಿತ್ತು, ಹನುಮಂತನಂಥವನೂ ಗಿಡ ಗುರುತಿಸಲಾಗದೆ ಬೆಟ್ಟವನ್ನೇ ಹೊತ್ತು ತಂದ. ಡಯಾಗ್ನೋಸಿಸ್, ಸಮಯ, ಸರಿಯಾದ ಔಷಧ ಮೂರೂ ಅಲ್ಲಿವೆ.

ಹಾಗಾದರೆ ಷರತ್ತಿಲ್ಲದ ಮಾಯೆ ಎಲ್ಲಿದೆ? ಮಕ್ಕಳು ಮಲಗಿದ ಮೇಲೆ ಅದೇ ಟಿವಿಯಲ್ಲಿ, ಈಗ ಫೋನಿನ ಪರದೆಯಲ್ಲೂ ಇದೆ. ನಂಬರಿಗೆ ಕರೆ ಮಾಡಿ, ಮದುವೆ, ವ್ಯಾಪಾರ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಪರಿಹಾರ, ನೂರಕ್ಕೆ ನೂರು ಗ್ಯಾರಂಟಿ! ಅದನ್ನು ನಂಬುವವರು ಮಕ್ಕಳಲ್ಲ, ನಾವು ದೊಡ್ಡವರು. ನಮ್ಮ ದಕ್ಷಿಣ ಏಷ್ಯಾದ ಜನಕ್ಕೆ ಟೈಪ್ 2 ಡಯಾಬಿಟಿಸ್ ಬರುವ ಸಾಧ್ಯತೆ ಇಲ್ಲಿನ ಬಿಳಿಯರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ಆದ್ದರಿಂದ ಈ ಅಂಗಡಿಗೆ ನಾವೇ ಗಿರಾಕಿಗಳು. ಯಾವುದೋ ಪುಡಿ ನಂಬಿ ಮಾತ್ರೆ ಬಿಟ್ಟು, ಕಾಲಿನ ಗಾಯ ಮಾಯದೆ ಬಂದವರನ್ನು ಇಷ್ಟು ವರ್ಷಗಳಲ್ಲಿ ಹಲವು ಸಲ ನೋಡಿದ್ದೇನೆ. ಟೈಪ್ 1 ಇರುವವರು ಇನ್ಸುಲಿನ್ ನಿಲ್ಲಿಸಿದರಂತೂ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಇಂಥ ಕೆಲವು ಪುಡಿಗಳಲ್ಲಿ ಸೀಸ, ಪಾದರಸ, ಸ್ಟೀರಾಯ್ಡ್ ಸಿಕ್ಕಿರುವುದೂ ಉಂಟು.

ಕಾನೂನೂ ಈ ವ್ಯತ್ಯಾಸವನ್ನು ಬಲ್ಲದು. ಇಲ್ಲಿ 1939ರ ಕ್ಯಾನ್ಸರ್ ಕಾಯ್ದೆ, ಕ್ಯಾನ್ಸರ್ ವಾಸಿಮಾಡುತ್ತೇವೆಂದು ಜನರಿಗೆ ಜಾಹೀರಾತು ಕೊಡುವುದನ್ನೇ ನಿಷೇಧಿಸಿತು. ಭಾರತದಲ್ಲಿ 1954ರ ಕಾಯ್ದೆಯೊಂದು ಮಾಂತ್ರಿಕ ಪರಿಹಾರಗಳ ಜಾಹೀರಾತಿಗೆ ತಡೆ ಹಾಕಿತು. ಅದರ ಪಟ್ಟಿಯಲ್ಲಿ ಡಯಾಬಿಟಿಸ್ ಕೂಡ ಇದೆ. ಟಿವಿಯ ಮೇಲೆ ಕಣ್ಣಿಡುವ ಆಫ್‌ಕಾಮ್ ನಿಯಮವಂತೂ ಇನ್ನೂ ಸ್ಪಷ್ಟ. ಮಂತ್ರತಂತ್ರವನ್ನು ಮನರಂಜನೆಗಾಗಿ ತೋರಿಸುವುದಾದರೆ ಅದು ಮನರಂಜನೆಯೆಂದು ನೋಡುಗರಿಗೆ ತಿಳಿಯಬೇಕು, ಅದರಲ್ಲಿ ಯಾರೊಬ್ಬರಿಗೂ ಬದುಕು ಬದಲಿಸುವಂಥ ಸಲಹೆ ಕೊಡಬಾರದು. ಸಿನಿಮಾ, ನಾಟಕಗಳಿಗೆ ವಿನಾಯಿತಿ ಇದೆ, ಏಕೆಂದರೆ ಅವು ಕಥೆಗಳೆಂದು ನೋಡುವವರಿಗೆ ಮೊದಲೇ ಗೊತ್ತು.

ನಿಜವಾದ ಔಷಧಕ್ಕೂ ಷರತ್ತುಗಳಿವೆ. ನಮ್ಮಲ್ಲಿ ಅನೇಕರು ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಯೂರೋಪಿನ ಒಂದು ಗಿಡ. ಆದರೆ ಅದನ್ನು ಊಟದ ಜೊತೆಗೇ ತೆಗೆದುಕೊಳ್ಳಿ, ಆಗಾಗ ಕಿಡ್ನಿ ಪರೀಕ್ಷೆ ಮಾಡಿಸಿ ಎನ್ನುತ್ತೇವೆ. ಡಬ್ಬಿಯೊಳಗೆ ಮಡಚಿಟ್ಟ ಆ ಉದ್ದದ ಚೀಟಿಯನ್ನು ನೋಡಿ ಹೆದರಬೇಡಿ. ಔಷಧ ಪ್ರಾಮಾಣಿಕವಾಗಿದೆ ಎಂಬುದಕ್ಕೆ ಅದೇ ಗುರುತು. ಚೀಟಿಯೇ ಇಲ್ಲದ ಪುಡಿಗೆ ಹೆದರಿ.

ಆದ್ದರಿಂದ ಈ ರಜೆಯಲ್ಲಿ ಮಕ್ಕಳ ಪಕ್ಕದಲ್ಲಿ ಕೂತು ಸಿನಿಮಾ ನೋಡಿ. "ಈ ಮಂತ್ರದ ಷರತ್ತೇನು? ಬೆಲೆ ತೆತ್ತವರು ಯಾರು?" ಎಂದು ಕೇಳಿ. ಆಮೇಲೆ ಅಜ್ಜಿಯಿಂದ ನರಕಾಸುರನ ಕಥೆ ಹೇಳಿಸಿ. ತಾಯಿಯ ಕೈಯಿಂದಲ್ಲದೆ ಸಾವಿಲ್ಲ ಎಂಬ ವರ ಪಡೆದವನನ್ನು, ಭೂದೇವಿಯ ಅಂಶವಾದ ಸತ್ಯಭಾಮೆ ಎದುರಿಸಿದ ಕಥೆ. ಹಬ್ಬದ ಹಿಂದಿನ ಮಾಯೆಯಲ್ಲೂ ಒಂದು ಷರತ್ತಿದೆಯೆಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಹೀಗೆ ಕೇಳುವುದನ್ನು ಕಲಿತ ಮಗು, ನಾಳೆ ನೀವು ಆ ಟಿವಿ ನಂಬರಿಗೆ ಫೋನ್ ಎತ್ತಿದಾಗ ನಿಮ್ಮನ್ನೂ ಅದೇ ಪ್ರಶ್ನೆ ಕೇಳೀತು.

ಎಣ್ಣೆಸ್ನಾನ ಸುಖವಾಗಿ ಆಗಲಿ, ಕಜ್ಜಾಯ ಮಿತವಾಗಿರಲಿ!