ಕೇತಿಯ ಪಾದ್ರಿಮನೆ

ಗುಂಡ್ಲುಪೇಟೆಯ ಸಮೀಪದ ಹಿಮವದ್ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ನಿಂತು, ಮಂಜು ಸರಿದ ಹೊತ್ತಿನಲ್ಲಿ ತೆಂಕಣಕ್ಕೆ ದೃಷ್ಟಿ ಹಾಯಿಸಿದರೆ, ಬಂಡೀಪುರದ ಕಾಡಿನಾಚೆಗೆ, ಮೋಯಾರ್ ಕಣಿವೆಯ ಆಚೆಯ ದಡದಲ್ಲಿ ನೀಲಗಿರಿಯ ಶ್ರೇಣಿ ಗೋಡೆಯಂತೆ ಎದ್ದು ನಿಂತಿರುವುದು ಕಾಣುತ್ತದೆ. ಇಂದು ಆ ಗೋಡೆಯನ್ನು ಏರುವುದು ಕೆಲವು ಗಂಟೆಗಳ ಪ್ರಯಾಣ. ಹಿಂದೆ ಅದು ಒಂದು ಲೋಕದಿಂದ ಮತ್ತೊಂದು ಲೋಕಕ್ಕೆ ದಾಟುವ ಕೆಲಸವಾಗಿತ್ತು.

ಹಾಗೆ ದಾಟಿದವರಲ್ಲಿ ಮೊದಲಿಗರು ನಮ್ಮವರೇ. ನೀಲಗಿರಿಯ ಬಡಗರ ಹೆಸರಿನಲ್ಲಿಯೇ ಅವರ ಚರಿತ್ರೆ ಅಡಗಿದೆ. ಬಡಗಣ ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯ ತೆಂಕಣ ಭಾಗದಿಂದ, ತಮ್ಮ ಹಿರಿಯರು ಬೆಟ್ಟವೇರಿದರೆಂಬುದು ಅವರ ಪರಂಪರಾಗತ ನಂಬಿಕೆ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಒಂದು ಕಾಲಕ್ಕೆ ನೀಲಗಿರಿಯ ಮೇಲೂ ಒಡೆತನ ಸಾರಿದ ಪಾಳೆಯಪಟ್ಟಾಗಿತ್ತೆಂಬುದನ್ನು ನೆನೆದರೆ ಈ ನಂಬಿಕೆ ಆಧಾರವಿಲ್ಲದ್ದೆಂದು ತೋರುವುದಿಲ್ಲ. ಬಡಗರ ನುಡಿಯನ್ನು ಭಾಷಾಶಾಸ್ತ್ರಜ್ಞರು ಇಂದು ಸ್ವತಂತ್ರ ದ್ರಾವಿಡ ಭಾಷೆಯೆಂದು ಗಣಿಸುವರಾದರೂ, ಕನ್ನಡದ ಕಿವಿಗೆ ಅದು ದೂರದ ನೆಂಟರ ಮಾತಿನಂತೆಯೇ ಕೇಳಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಈ ಬಡಗರ ನಡುವೆ ಬಂದು ನೆಲಸಿದ ಇನ್ನೊಂದು ಬಳಗದ ಕಥೆ ಕನ್ನಡಿಗರಿಗೆ ಅಷ್ಟಾಗಿ ಪರಿಚಿತವಲ್ಲ. ಉದಕಮಂಡಲಕ್ಕೂ ಕೂನೂರಿಗೂ ನಡುವೆ, ಆರು ಸಾವಿರ ಅಡಿಗೂ ಮಿಗಿಲಾದ ಎತ್ತರದಲ್ಲಿ, ಕೇತಿ ಎಂಬ ಕಣಿವೆಯಿದೆ. ಮದರಾಸು ಸರಕಾರದ ಸೇವೆಯಲ್ಲಿ ನ್ಯಾಯಾಧೀಶರಾಗಿದ್ದ ಜಾರ್ಜ್ ಕಾಸಮೇಜರ್ ಎಂಬವರು ಕೆಲಸ ಬಿಟ್ಟು ಇಲ್ಲಿ ನೆಲಸಿದರು. ಇಳಿವಯಸ್ಸಿನಲ್ಲಿ ಕನ್ನಡ ಕಲಿಯತೊಡಗಿದರು. ಬಡಗರ ಮಕ್ಕಳಿಗೊಂದು ಶಾಲೆ ತೆರೆದರು. 1834ರಿಂದ ಮಂಗಳೂರಿನಲ್ಲಿ ನೆಲೆಯೂರಿದ್ದ ಬಾಸೆಲ್ ಮಿಶನ್ನಿನವರನ್ನು ಬೆಟ್ಟಕ್ಕೆ ಬರಮಾಡಿಕೊಂಡವರೂ ಅವರೇ. ಜರ್ಮನಿಯ ಗಾಟ್‌ಫ್ರೀಡ್ ವೈಗ್ಲೆ 1846ರಲ್ಲಿ ಕೇತಿಗೆ ಬಂದರು. 1849ರಲ್ಲಿ ಕಾಸಮೇಜರ್ ತೀರಿಕೊಂಡಾಗ ತಮ್ಮ ಆಸ್ತಿಯ ಬಹುಭಾಗವನ್ನು ಮಿಶನ್ನಿಗೇ ಬರೆದಿಟ್ಟಿದ್ದರು.

ಪಾದ್ರಿಗಳು ಬಂದದ್ದು ಮತಪ್ರಚಾರಕ್ಕೆ. ಅದನ್ನು ಮರೆಮಾಚಬೇಕಾದ ಕಾರಣವಿಲ್ಲ. ಆದರೆ ಆ ಕಾರ್ಯದಲ್ಲಿ ಅವರಿಗೆ ದೊರೆತ ಫಲ ಅತ್ಯಲ್ಪ. ಮೆಟ್ಜ್ ಎಂಬ ಪಾದ್ರಿ ಹಟ್ಟಿಯಿಂದ ಹಟ್ಟಿಗೆ ನಡೆದು, ಬಡಗರ ನುಡಿಯನ್ನು ಅವರಂತೆಯೇ ಆಡಲು ಕಲಿತು, ಬೆಟ್ಟದ ಜನಾಂಗಗಳ ಕುರಿತು ಪುಸ್ತಕವನ್ನೂ ಬರೆದರು. ಬಡಗರು ಅವರ ಮಾತನ್ನು ಕೇಳಿದರು; ತಮ್ಮ ಹೆತ್ತೆಯಮ್ಮನನ್ನು ಬಿಡಲಿಲ್ಲ. ಮೊದಲ ಬಡಗನಿಗೆ ದೀಕ್ಷಾಸ್ನಾನವಾದದ್ದು 1858ರಲ್ಲಿ, ವೈಗ್ಲೆ ಬಂದ ಹನ್ನೆರಡು ವರ್ಷಗಳ ಮೇಲೆ. ತಮ್ಮ ಕುಲ, ತಮ್ಮ ಹಬ್ಬ, ತಮ್ಮ ಹೊಲಗಳ ನಡುವೆ ಗಟ್ಟಿಯಾಗಿ ಬೇರುಬಿಟ್ಟ ಜನ ಹೊಸ ಮಾತಿಗೆ ಅಷ್ಟು ಸುಲಭವಾಗಿ ಅಲುಗುವವರಲ್ಲ.

ಫಲ ದೊರೆತದ್ದು ಬಯಸದ ಕಡೆಯಲ್ಲಿ. ಅದೇ ಕಾಸಮೇಜರರ ಹಣದಿಂದ, ವೈಗ್ಲೆಯವರ ಸಹಕಾರದಿಂದ, ಮಂಗಳೂರಿನಲ್ಲಿದ್ದ ಹೆರ್ಮನ್ ಮೋಗ್ಲಿಂಗ್ ಅವರು 'ಬಿಬ್ಲಿಯೊತಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯನ್ನು 1848ರಲ್ಲಿ ಆರಂಭಿಸಿದರು. ಓಲೆಗರಿಯ ಕಟ್ಟುಗಳಲ್ಲಿ ಉಳಿದಿದ್ದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಮೂಡಿ ಜನರ ಕೈ ಸೇರಿದುವು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರೂ ಈ ಮೋಗ್ಲಿಂಗರೇ. ಅತ್ತ ವೈಗ್ಲೆ 1848ರಲ್ಲಿಯೇ ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಕುರಿತು ಜರ್ಮನಿಯ ವಿದ್ವತ್ಪತ್ರಿಕೆಯೊಂದರಲ್ಲಿ ದೀರ್ಘ ಲೇಖನ ಬರೆದು, ಯೂರೋಪಿನ ಪಂಡಿತರಿಗೆ ನಮ್ಮ ನುಡಿಯ ಹೆಸರನ್ನು ಮುಟ್ಟಿಸಿದರು.

ಇಷ್ಟನ್ನು ಸಾಹಿತ್ಯಚರಿತ್ರೆಗಳು ಹೇಳುತ್ತವೆ. ಅವು ಹೇಳದಿರುವುದು ಪಾದ್ರಿಮನೆಯ ಒಳಗಿನ ಸಂಸಾರದ ವಿಷಯ.

ಬಾಸೆಲ್ ಮಿಶನ್ನಿನ ಪಾದ್ರಿಗೆ ವಿವಾಹವೆಂಬುದು ಸ್ವಂತ ವಿಚಾರವಾಗಿರಲಿಲ್ಲ. ಕೆಲವು ವರ್ಷ ಸೇವೆ ಸಲ್ಲಿಸಿದ ಬಳಿಕವೇ ಅವನು ಬಾಸೆಲಿನ ಸಮಿತಿಗೆ ಅರ್ಜಿ ಬರೆದುಕೊಳ್ಳಬೇಕು. ಸಮಿತಿ ಒಪ್ಪಿದ ಕನ್ಯೆಯೇ ಅವನಿಗೆ ಹೆಂಡತಿಯಾಗಬೇಕು. ಎಷ್ಟೋ ಮಂದಿ ಕನ್ಯೆಯರು ವರನ ಮುಖವನ್ನೇ ಕಾಣದೆ, ಒಂದೆರಡು ಪತ್ರಗಳ ಪರಿಚಯವನ್ನು ನೆಚ್ಚಿ ಹಡಗು ಹತ್ತಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕವನ್ನು ಬಳಸಿ ಬರುವ ಹಾಯಿಹಡಗಿನ ಪಯಣಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ನಮ್ಮ ಹಿರಿಯರ ಮನೆಗಳಲ್ಲಿಯೂ ಹೆಣ್ಣು ಗಂಡನ್ನು ಧಾರೆಯ ವೇಳೆಗೇ ಮೊದಲು ಕಾಣುತ್ತಿದ್ದುದುಂಟು. ಆದರೆ ನಮ್ಮ ಹೆಣ್ಣಿಗೆ ಕಷ್ಟಕ್ಕೊದಗುವ ತೌರು ಒಂದೆರಡು ದಿನದ ಬಂಡಿಯ ದಾರಿಯಲ್ಲಿರುತ್ತಿತ್ತು. ಪಾದ್ರಿಯ ಹೆಂಡತಿಗೆ ತೌರು ಕಡಲಾಚೆ. ತಾಯಿಗೆ ಕಾಹಿಲೆಯೆಂಬ ಪತ್ರ ಕೈಸೇರುವ ವೇಳೆಗೆ ತಾಯಿ ಉಳಿದಿದ್ದಾಳೆಯೋ ಇಲ್ಲವೋ ತಿಳಿಯದು. ಹೆಣ್ಣುಮಕ್ಕಳ ಶಾಲೆ, ಹೊಲಿಗೆಯ ಪಾಠ, ರೋಗಿಗಳಿಗೆ ಔಷಧ, ಬಂದವರ ಉಪಚಾರ ಎಲ್ಲವೂ ಅವಳ ಪಾಲಿನವು. ಆದರೆ ಅದಕ್ಕೆ ಪ್ರತ್ಯೇಕ ಸಂಬಳವಿರಲಿಲ್ಲ. ಗಂಡನ ಸೇವೆಯಲ್ಲಿಯೇ ಅವಳ ಸೇವೆ ಅಡಗಿತ್ತು.

ಇದಕ್ಕಿಂತ ಕಠಿನವಾದುದು ಮಕ್ಕಳ ಅಗಲಿಕೆ. ಉಷ್ಣದೇಶದ ಹವೆ ಮಕ್ಕಳಿಗೆ ಒಗ್ಗದು, ಕ್ರೈಸ್ತ ಶಿಕ್ಷಣ ಯೂರೋಪಿನಲ್ಲಿಯೇ ಸರಿಯಾಗಿ ದೊರೆವುದು ಎಂಬ ನಂಬಿಕೆಯಿಂದ, ಮಿಶನರಿಗಳ ಮಕ್ಕಳಿಗಾಗಿ 1853ರಲ್ಲಿ ಬಾಸೆಲಿನಲ್ಲಿ ವಸತಿಗೃಹವೊಂದನ್ನು ತೆರೆಯಲಾಯಿತು. ಶಾಲೆಯ ವಯಸ್ಸು ಬರುತ್ತಲೆ ಮಕ್ಕಳನ್ನು ಅಲ್ಲಿಗೆ ಕಳುಹಿಸುವುದು ಕ್ರಮವಾಯಿತು. ಆರೇಳು ವರ್ಷದ ಮಗುವನ್ನು ಹಡಗಿಗೆ ಹತ್ತಿಸಿದ ತಾಯಿ ಅದನ್ನು ಮತ್ತೆ ಕಾಣುವ ವೇಳೆಗೆ ಅದು ಮೀಸೆ ಮೂಡಿದ ಯುವಕನೋ, ಮದುವೆಗೆ ಬಂದ ಯುವತಿಯೋ ಆಗಿರುತ್ತಿತ್ತು. ಎಷ್ಟೋ ವೇಳೆ ಕಾಣುವ ಯೋಗವೇ ಇರುತ್ತಿರಲಿಲ್ಲ. ಮಲಯಾಳ ನಿಘಂಟುಕಾರರಾದ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದವಳು. ಎಳವೆಯಲ್ಲಿಯೇ ಆಕೆಯನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿಗಳು ಕೆಲಸಕ್ಕೆ ಮರಳಿದರು. ಆಕೆ ಅವರನ್ನು ಮತ್ತೆ ಕೂಡಿಕೊಂಡದ್ದು 1857ರಲ್ಲಿ. ನೊಬೆಲ್ ಪಾರಿತೋಷಿಕ ಪಡೆದ ಹೆರ್ಮನ್ ಹೆಸ್ಸೆ ಈಕೆಯ ಮಗ.

ಮೃತ್ಯುವಿನ ನೆರಳೂ ಈ ಮನೆಗಳ ಮೇಲೆ ಬಿಡದೆ ಬೀಳುತ್ತಿತ್ತು. ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ತೊಡಗಿದ್ದ ವೈಗ್ಲೆ 1855ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಪತ್ನಿ ಪೌಲೀನೆ ಪರದೇಶದಲ್ಲಿ ಮಕ್ಕಳೊಡನೆ ಒಬ್ಬಂಟಿಯಾದರು. ಮರುವರ್ಷ ಅವರ ಕೈಹಿಡಿದವರು ವೈಗ್ಲೆಯವರ ಜ್ಞಾತಿಯೂ ಗೆಳೆಯರೂ ಆದ ಮೋಗ್ಲಿಂಗರು. ನಲವತ್ತೈದು ವರ್ಷದವರೆಗೆ ಅವಿವಾಹಿತರಾಗಿಯೇ ಇದ್ದ ಮನುಷ್ಯ ತೀರಿಹೋದ ಗೆಳೆಯನ ಸಂಸಾರವನ್ನು ತನ್ನದಾಗಿಸಿಕೊಂಡರು. ಆ ವೇಳೆಗೆ ಅವರು ಕೊಡಗಿನ ಬೆಟ್ಟಗಳನ್ನು ಸೇರಿದ್ದರು. ಕೊಡವರ ಜಮ್ಮಾ ಭೂಮಿಗಳಲ್ಲಿ ತಲೆತಲಾಂತರದಿಂದ ಜೀತಕ್ಕಿದ್ದ ಹೊಲೆಯರಿಗಾಗಿ ಕಟ್ಟಿದ ಆನಂದಪುರವೆಂಬ ಊರು ಈ ದಂಪತಿಗಳು ಜೊತೆಯಾಗಿ ಹೊತ್ತ ಹೊಣೆ. ಕಾಡು ಕಡಿದು, ಮನೆ ಎಬ್ಬಿಸಿ, ಹೊಲ ಹಂಚಿ ಮಾಡಿದ ಆ ಸಾಹಸ ಪೌಲೀನೆಯವರ ದೇಹಕ್ಕೆ ಮಿಗಿಲಾಯಿತು. ಅವರ ಆರೋಗ್ಯ ಕೆಟ್ಟುದರಿಂದ 1860ರಲ್ಲಿ ಇಬ್ಬರೂ ಜರ್ಮನಿಗೆ ಮರಳಿದರು. ಮೋಗ್ಲಿಂಗರು ಮತ್ತೆ ಈ ನೆಲವನ್ನು ಕಾಣಲಿಲ್ಲ. ಆದರೂ ಅಲ್ಲಿಂದಲೇ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು.

ಕಿಟ್ಟೆಲರ ಮನೆಯ ಕಥೆಯೂ ಬೇರೆಯಲ್ಲ. 1860ರಲ್ಲಿ ವಿವಾಹವಾದ ಪೌಲೀನೆ ಐತ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಅನಂತರ ಆಕೆಯ ತಂಗಿ ಯೂಲಿಯೆ ಆ ಸಂಸಾರದ ಹೊಣೆ ಹೊತ್ತರು. ನಿಘಂಟಿನ ಕೆಲಸ ಮುಗಿಸುವುದಕ್ಕಾಗಿ ಕಿಟ್ಟೆಲರು 1883ರಲ್ಲಿ ಸಂಸಾರವನ್ನು ಜರ್ಮನಿಯಲ್ಲಿಯೇ ಬಿಟ್ಟು ಭಾರತಕ್ಕೆ ಬಂದು, 1892ರವರೆಗೆ ಇಲ್ಲಿ ದುಡಿದರು. 1894ರಲ್ಲಿ ಹೊರಬಂದ, ಎಪ್ಪತ್ತು ಸಾವಿರ ಶಬ್ದಗಳ ಆ ಮಹಾಗ್ರಂಥದ ಮುಖಪುಟದಲ್ಲಿರುವುದು ಒಂದೇ ಹೆಸರು. ಆ ಒಂಬತ್ತು ವರ್ಷ ಗಂಡನಿಲ್ಲದೆ ಮನೆ ನಡೆಸಿದವಳ ಹೆಸರನ್ನು ಅಚ್ಚಿನಲ್ಲಿ ಹುಡುಕುವುದು ವ್ಯರ್ಥ.

ಈ ಜನರನ್ನು ಕುರಿತು ಎರಡು ಬಗೆಯ ಮಾತು ರೂಢಿಯಲ್ಲಿದೆ. ಅವರು ನಮ್ಮ ಧರ್ಮವನ್ನು ಕೆಡಿಸಬಂದವರೆಂಬುದು ಒಂದು. ನಮ್ಮ ನುಡಿಯನ್ನು ಉದ್ಧರಿಸಲೆಂದೇ ಬಂದವರೆಂಬುದು ಇನ್ನೊಂದು. ಎರಡೂ ಅರೆಸತ್ಯಗಳು. ಅವರು ಬಂದ ಉದ್ದೇಶವೇ ಬೇರೆ, ಬಿಟ್ಟುಹೋದ ಫಲವೇ ಬೇರೆ. ಆ ಉದ್ದೇಶವನ್ನು ಒಪ್ಪದವರೂ ಈ ಫಲವನ್ನು ಉಣ್ಣುತ್ತಿದ್ದಾರೆ. ಉಣ್ಣುವಾಗ ಅದಕ್ಕೆ ಬೆಲೆ ತೆತ್ತವರು ಯಾರೆಂಬುದನ್ನು ತಿಳಿದಿರುವುದು ಋಣಸಂದಾಯದ ಮೊದಲ ಮೆಟ್ಟಲು. ಪದವೊಂದರ ಅರ್ಥಕ್ಕಾಗಿ ಕಿಟ್ಟೆಲರ ನಿಘಂಟನ್ನು ತೆರೆಯುವ ವಿದ್ಯಾರ್ಥಿ ಪಂಡಿತರ ಪರಿಶ್ರಮವನ್ನು ಸ್ಮರಿಸುತ್ತಾನೆ, ಅದು ಸರಿಯೇ. ಆ ಪರಿಶ್ರಮದ ಹಿಂದೆ, ಮಂಜು ಕವಿದ ಬೆಟ್ಟದ ಮನೆಯಲ್ಲಿ ಮಗುವಿನ ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾದು ಕುಳಿತ ತಾಯಂದಿರಿಗೂ ಆ ಸ್ಮರಣೆಯಲ್ಲಿ ಒಂದು ಪಾಲು ಸಲ್ಲಬೇಕು.